ಡಿ7200, ಡಿ7500, 90ಡಿ: ಬೀದರ್ ಬಿಸಿಲಿಗೆ ಯಾವುದು?

ಚೌಬಾರಾ ಹುಡುಗ
ಎಲ್ಲರಿಗೂ ನಮಸ್ಕಾರ. ಊರು ಬೀದರ್. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಫೋಟೋ ಬರೀ ಹುಚ್ಚು. ಈಗ ಕೈಯಲ್ಲಿರುವುದು ನಿಕಾನ್ ಡಿ3400. ಬಾಡಿ ಬದಲಿಸಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮೂರು ನೋಡಿದ್ದೇನೆ: ನಿಕಾನ್ ಡಿ7200, ನಿಕಾನ್ ಡಿ7500, ಕ್ಯಾನನ್ 90ಡಿ. ಬಜೆಟ್ ಬಾಡಿಗೆ ಮಾತ್ರ 50 ಸಾವಿರ. 90ಡಿಗೆ ಸ್ವಲ್ಪ ಎಳೆಯಬೇಕಾಗುತ್ತದೆ.

ತೆಗೆಯುವುದು ಕೋಟೆ, ಅಷ್ಟೂರಿನ ಬಹಮನಿ ಸುಲ್ತಾನರ ಗುಂಬಜ್‌ಗಳು, ಬಿದ್ರಿ ಸಾಮಾನು, ಊರಾಚೆ ಕೃಷ್ಣಮೃಗ. ಕಾಕಾ ಕೊಟ್ಟ ಹಳೇ 55 ಎಂಎಂ ಮೈಕ್ರೋ ನಿಕ್ಕೋರ್ ಒಂದಿದೆ, ಕೈಯಲ್ಲಿ ಫೋಕಸ್ ಮಾಡುವಂಥದ್ದು. ಅದನ್ನೂ ಬಳಸಬೇಕು ಅಂತ ಆಸೆ.

ಗೊಂದಲ ಏನೆಂದರೆ, ಡಿ7200 ಬಂದಿದ್ದು 2015ರಲ್ಲಿ, ಡಿ7500 ಬಂದಿದ್ದು 2017ರಲ್ಲಿ. ಹೊಸದರಲ್ಲಿ ಮೆಗಾಪಿಕ್ಸೆಲ್ 24.2ರಿಂದ 20.9ಕ್ಕೆ ಇಳಿದಿದೆ. ಎರಡು ಕಾರ್ಡ್ ಹಾಕುವ ಜಾಗ ಒಂದಾಗಿದೆ. ದುಡ್ಡು ಜಾಸ್ತಿ, ಕೊಟ್ಟಿದ್ದು ಕಡಿಮೆ ಅನ್ನುವ ಹಾಗಿದೆ. ಹೌದಾ?

ಸ್ಟುಡಿಯೋ ಕಾಕಾ
ಹೌದಪ್ಪಾ, ಅದೇ ಸರಿ. ನಾನು ಕಲಬುರಗಿಯಲ್ಲಿ ಮದುವೆ ಫೋಟೋ ತೆಗೆಯುವವನು. ಒಂದೇ ಕಾರ್ಡ್ ಇರುವ ಬಾಡಿ ಹಿಡಿದು ಅಕ್ಕಿಕಾಳಿನ ಹೊತ್ತಿಗೆ ಮಂಟಪದ ಮುಂದೆ ನಿಲ್ಲು ನೋಡೋಣ. ಕಾರ್ಡ್ ಕೈಕೊಟ್ಟರೆ ಬೀಗರು ಊರು ಬಿಡಿಸುತ್ತಾರೆ. ಡಿ7200 ಎರಡರಲ್ಲೂ ಒಟ್ಟಿಗೆ ಬರೆಯುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಕಂಪನಿ ಲೆಕ್ಕದಲ್ಲೇ 1,110 ಫೋಟೋ, ಡಿ7500ಕ್ಕೆ 950. ಕಡಿಮೆ ದುಡ್ಡಿಗೂ ಸಿಗುತ್ತದೆ. ಇನ್ನೇನು ಬೇಕು?

ಬೋನಾಳ ಬಾತು
ಕಾಕಾ, ನಿಮ್ಮ ಮಾತು ಮದುವೆಗೆ ಸರಿ. ಈ ತಮ್ಮನಿಗೆ ಗಿರಾಕಿ ಇಲ್ಲ. ಕೃಷ್ಣಮೃಗ ನಾಳೆಯೂ ಬರುತ್ತದೆ, ಮುಹೂರ್ತ ಬರುವುದಿಲ್ಲ ಅಷ್ಟೇ ವ್ಯತ್ಯಾಸ.

ನಾನು ಸುರಪುರ ಕಡೆಯವನು. ಚಳಿಗಾಲದಲ್ಲಿ ಬೋನಾಳ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ. ಬೆಳಿಗ್ಗೆ ಗುಂಪು ಎದ್ದು ಹಾರುವ ಹೊತ್ತಿನಲ್ಲಿ ಏನಾಗುತ್ತದೆ ಹೇಳುತ್ತೇನೆ. ಡಿ7200 ಸೆಕೆಂಡಿಗೆ 6 ಫೋಟೋ ತೆಗೆಯುತ್ತದೆ. 14 ಬಿಟ್ ರಾ (ಸೆನ್ಸರ್ ಕಂಡದ್ದೆಲ್ಲ ಉಳಿಸುವ ದೊಡ್ಡ ಫೈಲ್) ಇಟ್ಟರೆ 18ಕ್ಕೆ ಬಫರ್, ಅಂದರೆ ಕಾರ್ಡ್‌ಗೆ ಬರೆಯುವ ತನಕ ಫೋಟೋ ಹಿಡಿದಿಡುವ ಜಾಗ, ತುಂಬಿತು. ಅಂದರೆ ಮೂರು ಸೆಕೆಂಡು. ಆಮೇಲೆ ಕ್ಯಾಮೆರಾ ಏದುಸಿರು ಬಿಡುತ್ತದೆ, ಹೆಬ್ಬಾತು ಮಾತ್ರ ಹಾರುತ್ತಲೇ ಇರುತ್ತವೆ. ಡಿ7500 ಸೆಕೆಂಡಿಗೆ 8, ಅದೂ 50 ರಾ ತನಕ. ಆರು ಸೆಕೆಂಡಿನ ಮೇಲೆ ಸಿಕ್ಕಿತಲ್ಲ! ಇಡೀ ಗುಂಪು ನೀರು ಬಿಟ್ಟು ಮೇಲೇರುವುದಕ್ಕೆ ಅಷ್ಟು ಸಾಕು.

ಫೋಕಸ್ ಪಾಯಿಂಟ್ ಎರಡರಲ್ಲೂ 51. ಆದರೆ ಡಿ7500ರಲ್ಲಿ ಗ್ರೂಪ್ ಏರಿಯಾ ಫೋಕಸ್ (ಒಂದರ ಬದಲು ಕೆಲವು ಪಾಯಿಂಟ್ ಒಟ್ಟಿಗೆ ಹಿಡಿಯುವುದು) ಇದೆ, ಡಿ7200ರಲ್ಲಿ ಇಲ್ಲ. ಖಾಲಿ ಆಕಾಶದಲ್ಲಿ ಒಂದೇ ಹಕ್ಕಿ ಹಿಡಿಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಮೆಗಾಪಿಕ್ಸೆಲ್ ಚಿಂತೆ ಬಿಡಿ. ಒಂದರ ಉದ್ದ 6,000 ಪಿಕ್ಸೆಲ್, ಇನ್ನೊಂದರದ್ದು 5,568. ನೂರಕ್ಕೆ ಏಳರಷ್ಟು ವ್ಯತ್ಯಾಸ. 18 ಇಂಚು ಅಗಲದ ಪ್ರಿಂಟ್ ಎರಡರಿಂದಲೂ ಚೆನ್ನಾಗೇ ಬರುತ್ತದೆ. ಗೋಡೆಗೆ ಅದಕ್ಕಿಂತ ದೊಡ್ಡದು ಹಾಕುವವರು ನಮ್ಮಲ್ಲಿ ಎಷ್ಟು ಜನ?

ತೊಗರಿ ಕಣಜ
ಏನ್ರಿ ಇದು, ಎಲ್ಲರೂ ನಿಕಾನ್ ಹಿಂದೆಯೇ ಬಿದ್ದಿದ್ದೀರಿ. 90ಡಿ ಅಂತ ಒಂದನ್ನು ಕೇಳಿದ್ದಾರೆ, ಅದನ್ನೂ ನೋಡಿ. 2019ರ ಬಾಡಿ. 32.5 ಮೆಗಾಪಿಕ್ಸೆಲ್, ಸೆಕೆಂಡಿಗೆ 10, 45 ಪಾಯಿಂಟ್, ಎಲ್ಲವೂ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆಗೂ ಉದ್ದ ಗೆರೆಗೂ ಫೋಕಸ್ ಹಿಡಿಯುವಂಥವು. ನಿಕಾನ್‌ನ 51ರಲ್ಲಿ ಕ್ರಾಸ್ ಟೈಪ್ ಬರೀ 15. ಬ್ಯಾಟರಿ 1,300. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿ ತೆಗೆಯುವಾಗ, ಡ್ಯುಯಲ್ ಪಿಕ್ಸೆಲ್ ಫೋಕಸ್ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗುತ್ತದೆ. ಡಿ7500ರಲ್ಲಿ ಲೈವ್ ವ್ಯೂ ಹಾಕಿದರೆ ಫೋಕಸ್ ಹಿಂದೆ ಮುಂದೆ ತಡಕಾಡುತ್ತಾ ಕೂರುತ್ತದೆ.

ವಿಡಿಯೋದಲ್ಲಿ ಇನ್ನೂ ಮೋಜು. ಡಿ7500ರ 4ಕೆ ಇನ್ನೊಮ್ಮೆ ಒಂದೂವರೆ ಪಟ್ಟು ಕತ್ತರಿಸುತ್ತದೆ. 10 ಎಂಎಂ ಲೆನ್ಸ್ ಹಾಕಿದರೂ ಫುಲ್ ಫ್ರೇಮ್ ಲೆಕ್ಕದಲ್ಲಿ 22.5 ಆಗಿಬಿಡುತ್ತದೆ. 90ಡಿಯಲ್ಲಿ 4ಕೆಗೆ ಸೆನ್ಸರ್ ಅಗಲ ಪೂರ್ತಿ ಸಿಗುತ್ತದೆ, ಅದೇ 10 ಎಂಎಂ 16 ಎಂಎಂ ಹಾಗೆ ಕಾಣುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಹತ್ತಿರ ಸಿಕ್ಕಿಕೊಂಡರೆ ಹಿಂದೆ ಸರಿಯಲು ಜಾಗ ಎಲ್ಲಿದೆ? ಅಲ್ಲಿ ಅಗಲ ಬೇಕೇ ಬೇಕು.

ಕಮಾನು ಕಲಬುರಗಿ
ವಿಡಿಯೋ ಮಾಡುತ್ತೇನೆ ಅಂತ ಹುಡುಗ ಎಲ್ಲೂ ಹೇಳಿಲ್ಲ. ಅಗಲದ ಮಾತು ಬಂತಲ್ಲ, ನಾನು ಒಳಾಂಗಣಕ್ಕೆ ಬರುತ್ತೇನೆ.

ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು. ಬೇರೆ ಮಸೀದಿಗಳಂತೆ ನಡುವೆ ತೆರೆದ ಅಂಗಳ ಇಲ್ಲ, ಇಡೀ ಕಟ್ಟಡಕ್ಕೆ ಮೇಲೆ ಮುಚ್ಚಿಗೆ ಇದೆ. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಸಾಲು ಸಾಲು ಕಮಾನು, ದಪ್ಪ ನೆರಳು. ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡ್ ಇಡಬೇಕೆಂದರೆ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು, ಸೆನ್ಸರ್‌ನ ಸೂಕ್ಷ್ಮತೆ ಏರಿಸಿ, ಐಎಸ್‌ಒ 1600, 3200ರಲ್ಲಿ ತೆಗೆಯಬೇಕು.

ಕ್ಯಾಮೆರಾ ಪರೀಕ್ಷೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೊರಗಿನ ಬೆಳಕು ಬಿಳಿಯಾಗಿ ಹರಿಯದಂತೆ ಎಕ್ಸ್‌ಪೋಷರ್ ಇಟ್ಟು ರಾ ತೆಗೆಯಿರಿ. ಮನೆಗೆ ಬಂದು ನೆರಳನ್ನು ಎರಡು ಮೂರು ಸ್ಟಾಪ್ ಎತ್ತಿ ನೋಡಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ನೇರಳೆ ಬಣ್ಣದ ಕಲೆ, ಪಟ್ಟೆ ಬಂದರೆ ಆ ಸೆನ್ಸರ್ ಯೋಗ್ಯತೆ ಅಷ್ಟೇ. ಎರಡು ನಿಕಾನ್‌ಗಳೂ ಇದರಲ್ಲಿ ಪಾಸ್. ನನ್ನ ಕಣ್ಣಿಗೆ ಡಿ7500, ಡಿ7200 ನಡುವೆ ದೊಡ್ಡ ಅಂತರ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಂತರ ಇರುವುದು ಲೆನ್ಸ್‌ನಲ್ಲಿ. ನಿಕಾನ್‌ನ ಅಗ್ಗದ ಎಎಫ್-ಪಿ 10-20 ವಿಆರ್ (ಕೈ ನಡುಕ ತಡೆಯುವ) ಲೆನ್ಸ್ ಡಿ7500ರಲ್ಲಿ ಪೂರ್ತಿ ಕೆಲಸ ಮಾಡುತ್ತದೆ. ಡಿ7200ರಲ್ಲಿ ಫರ್ಮ್‌ವೇರ್ ಹೊಸದಿದ್ದರೂ ಒಂದಿಷ್ಟು ಮಿತಿ ಉಳಿಯುತ್ತದೆ. ಲೆನ್ಸ್ ಮೇಲೆ ವಿಆರ್ ಸ್ವಿಚ್ ಇಲ್ಲ, ಮೆನುವಿನಲ್ಲೂ ಆಫ್ ಮಾಡಲು ಬರುವುದಿಲ್ಲ.

ಸ್ಟುಡಿಯೋ ಕಾಕಾ
ವಿಆರ್ ಯಾಕೆ ಆಫ್ ಮಾಡಬೇಕು? ಸುಮ್ನೆ ಇರಲಿ ಬಿಡು.

ಕಮಾನು ಕಲಬುರಗಿ
ಅನುಮತಿ ಸಿಕ್ಕು ಟ್ರೈಪಾಡ್ ಮೇಲೆ ಇಟ್ಟಾಗ ಕಾಕಾ. ಉದ್ದ ಎಕ್ಸ್‌ಪೋಷರ್‌ನಲ್ಲಿ ಅದೇ ಸಣ್ಣಗೆ ಅಲುಗಿಸಿಬಿಡುತ್ತದೆ.

ಕರಿ ಬೆಳ್ಳಿ
ನಾನೂ ಬೀದರ್‌ನವಳೇ. ಮನೆಯವರು ಬಿದ್ರಿ ಕೆಲಸ ಮಾಡುತ್ತಾರೆ, ಆನ್‌ಲೈನ್ ಮಾರಾಟಕ್ಕೆ ಫೋಟೋ ನಾನು ತೆಗೆಯುತ್ತೇನೆ. ಈ ಚರ್ಚೆಯಲ್ಲಿ ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ಬಗ್ಗೆ, ಯಾರೂ ಬಾಯಿ ಬಿಟ್ಟಿಲ್ಲ.

ಬಿದ್ರಿ ಅಂದರೆ ಸತು, ತಾಮ್ರದ ಎರಕ. ಕೆತ್ತಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡುತ್ತಾರೆ. ಹೂಜಿಯ ಮುಕ್ಕಾಲು ಭಾಗ ಕಪ್ಪು. ಕ್ಯಾಮೆರಾ ಆ ಕಪ್ಪನ್ನು ಬೂದು ಮಾಡಲು ಹೋಗಿ ಎಕ್ಸ್‌ಪೋಷರ್ ಏರಿಸುತ್ತದೆ. ಆಗ ಬೆಳ್ಳಿ ತಂತಿ ಬರೀ ಬಿಳಿ ಗೆರೆ, ಕಪ್ಪು ಭಾಗ ಬೂದಿಯ ಬಣ್ಣ. ಗಿರಾಕಿ ‘ಇದು ಅಲ್ಯೂಮಿನಿಯಂ ಏನ್ರಿ?’ ಅಂತ ಕೇಳುತ್ತಾರೆ!

ಡಿ7500ರಲ್ಲಿ ಹೈಲೈಟ್ ವೇಟೆಡ್ ಮೀಟರಿಂಗ್ ಇದೆ. ಹೊಳೆಯುವ ಭಾಗವನ್ನು ಕಾಪಾಡಿಕೊಂಡು ಅಳೆಯುತ್ತದೆ. ಡಿ7200ರಲ್ಲಿ ಅದಿಲ್ಲ. ಮೀಟರ್ ಸೆನ್ಸರ್ ಕೂಡ ಅದರಲ್ಲಿ 2,016 ಪಿಕ್ಸೆಲ್, ಡಿ7500ರಲ್ಲಿ 1,80,000. ಬಿದ್ರಿಗೆ, ಬಿಸಿಲಲ್ಲಿ ನಿಂತ ಕರಿ ಗಂಡು ಕೃಷ್ಣಮೃಗಕ್ಕೆ ಇದು ಬೇಕು. ಅದರ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಕಷ್ಟ ಅದೇ.

ಆದರೆ ತಮ್ಮಾ, ನಿನ್ನ ಕಾಕಾನ ಲೆನ್ಸ್ ಇದೆಯಲ್ಲ, ಅಲ್ಲೇ ತಿರುಗೇಟು. ಡಿ7500ರಲ್ಲಿ ಎಐ ಅನ್ನುವ ನಿಕಾನ್‌ನ ಹಳೇ ಕೈ ಫೋಕಸ್ ಲೆನ್ಸ್‌ಗಳಿಗೆ ಮೀಟರ್ ಕೊಡುವ ಸಣ್ಣ ಕೊಕ್ಕೆಯನ್ನೇ ತೆಗೆದುಹಾಕಿದ್ದಾರೆ. 55 ಎಂಎಂ ಕೂರುತ್ತದೆ, ಫೋಟೋ ಬರುತ್ತದೆ, ಮೀಟರ್ ಮಾತ್ರ ಸತ್ತಿರುತ್ತದೆ. ಡಿ7200ರಲ್ಲಿ ಮೆನುವಿನಲ್ಲಿ ಲೆನ್ಸ್ ವಿವರ ತುಂಬಿದರೆ ಚೆನ್ನಾಗಿ ಅಳೆಯುತ್ತದೆ.

ಚೌಬಾರಾ ಹುಡುಗ
ಅಕ್ಕಾ, ಹಾಗಾದರೆ ಡಿ7200 ಅಂತೀರಾ? ಆ ಲೆನ್ಸ್ ಬಿಡೋಕೆ ಮನಸ್ಸಿಲ್ಲ.

ಕರಿ ಬೆಳ್ಳಿ
ಇಲ್ಲಪ್ಪಾ. ಮೇಜಿನ ಮೇಲೆ ಹೂಜಿ ಇಟ್ಟು, ಟ್ರೈಪಾಡ್ ಹಾಕಿ ತೆಗೆಯುವಾಗ ಮೀಟರ್ ಯಾಕೆ? ಹೂಜಿ ಓಡಿ ಹೋಗುವುದಿಲ್ಲ. ಮ್ಯಾನುವಲ್‌ನಲ್ಲಿ ಒಂದು ತೆಗೆ, ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿ ತನಕ ಬೆಳಕಿನ ಗ್ರಾಫ್) ನೋಡು, ಬಲಗಡೆ ಗೋಡೆಗೆ ಮುಟ್ಟುತ್ತಿದ್ದರೆ ಶಟರ್ ವೇಗ ಜಾಸ್ತಿ ಮಾಡು. ಅಷ್ಟರಲ್ಲಿ ಮುಗಿಯಿತು. ಆ ಲೆನ್ಸ್ ಹಿಡಿದು ಕೃಷ್ಣಮೃಗದ ಹಿಂದೆ ಓಡುವವನಂತೂ ನೀನಲ್ಲ.

ಇನ್ನೊಂದು. ಪೋಲರೈಸರ್ ಕೊಳ್ಳಬೇಡ, ಲೋಹದ ಹೊಳಪಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಕಿಟಕಿಗೆ ಬಿಳಿ ಧೋತರ ಕಟ್ಟು. ಬೆಳ್ಳಿಯೊಳಗೆ ಧೋತರದ ಬಿಳುಪು ಮೆತ್ತಗೆ ಕಾಣುತ್ತದೆ, ನಿನ್ನ ಮುಖ ಕಾಣುವುದಿಲ್ಲ.

ತೊಗರಿ ಕಣಜ
ಒಂದು ತಮಾಷೆ ಹೇಳಲಾ? ಆ ನಿಕಾನ್ 55 ಎಂಎಂ ಅಗ್ಗದ ಒಂದು ರಿಂಗ್ ಹಾಕಿದರೆ ನನ್ನ 90ಡಿ ಮೇಲೆ ಕೂರುತ್ತದೆ. ದೂರದ ಫೋಕಸ್ ಕೂಡ ಸಿಗುತ್ತದೆ, ಯಾಕೆಂದರೆ ಕ್ಯಾನನ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ಗೆ 44 ಎಂಎಂ, ನಿಕಾನ್‌ನಲ್ಲಿ 46.5. ಆ ಎರಡೂವರೆ ಎಂಎಂನಲ್ಲಿ ರಿಂಗ್ ಹಿಡಿಯುತ್ತದೆ. ಮೀಟರೂ ಓಡುತ್ತದೆ. ನಿಕಾನ್ ಲೆನ್ಸ್‌ಗೆ ನಿಕಾನ್‌ನ ಡಿ7500 ಮೀಟರ್ ಕೊಡುವುದಿಲ್ಲ, ಕ್ಯಾನನ್ ಕೊಡುತ್ತದೆ. ನಗಬೇಕೋ ಅಳಬೇಕೋ!

ಕನ್ನಡಿ ಬೇಡ
ಎಲ್ಲಾ ಸರಿ, ಆದರೆ ಈಗ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ, ಯಾಕೆ? 2020ರ ನಂತರ ನಿಕಾನ್ ಆಗಲಿ ಕ್ಯಾನನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ನಿಕಾನ್‌ನ ಕನ್ನಡಿ ಇಲ್ಲದ ಝಡ್50 ನೋಡಿ. ಅದೇ 20.9 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ 450 ಗ್ರಾಂ. ಡಿ7500 ಬ್ಯಾಟರಿ ಸೇರಿ 720. ಅಡಾಪ್ಟರ್ ಹಾಕಿದರೆ ಕಾಕಾನ ಲೆನ್ಸ್‌ಗೆ ಮೀಟರ್ ಕೂಡ ಸಿಗುತ್ತದೆ. ಬೆಳ್ಳಿ ಬಿಳಿಯಾಗಿ ಹರಿಯುತ್ತದೋ ಇಲ್ಲವೋ ಫೋಟೋ ತೆಗೆಯುವ ಮೊದಲೇ ಕಣ್ಣಿಗೆ ಕಾಣುತ್ತದೆ. ಅಕ್ಕಾರ ಸಮಸ್ಯೆಗೆ ನಿಜವಾದ ಉತ್ತರ ಇದು.

ಕರಿ ಬೆಳ್ಳಿ
ಬಿದ್ರಿಗೆ ಅದು ನಿಜ. ಒಪ್ಪಿದೆ.

ಬೋನಾಳ ಬಾತು
ಮೇಜಿನ ಮೇಲೆ ಒಪ್ಪಬಹುದು. ಕೆರೆ ದಂಡೆಗೆ ಬನ್ನಿ. ಝಡ್50 ಬ್ಯಾಟರಿ 300ರ ಆಸುಪಾಸು. ನಾವು ವ್ಯೂಫೈಂಡರ್‌ಗೆ ಕಣ್ಣಿಟ್ಟು ಕಾಯುತ್ತಾ ಕೂರುವವರು, ಅದು ಕಾಯುವಾಗಲೂ ಕರೆಂಟ್ ತಿನ್ನುತ್ತದೆ. ಕನ್ನಡಿಯ ವ್ಯೂಫೈಂಡರ್‌ಗೆ ಏನೂ ಖರ್ಚಿಲ್ಲ. ಇನ್ನು ದೂರದ ಹಕ್ಕಿಗೆ ಹಾಕುವ ನಿಕಾನ್ 200-500 ಲೆನ್ಸ್ ಒಂದೇ 2,300 ಗ್ರಾಂ ಇದೆ. ಅದರ ಹಿಂದೆ ಬಾಡಿ 270 ಗ್ರಾಂ ಹಗುರಾದರೆ ಭುಜಕ್ಕೆ ಗೊತ್ತೇ ಆಗುವುದಿಲ್ಲ.

ಬಿಸಿಲಿನ ಮಾತೂ ಇರಲಿ. ಡಿ7500 ಪುಸ್ತಕದಲ್ಲಿ ಬಳಸುವ ತಾಪಮಾನ 0ರಿಂದ 40 ಡಿಗ್ರಿ ಅಂತ ಬರೆದಿದೆ. ನಮ್ಮ ಮೇ ತಿಂಗಳು ಅದನ್ನು ದಾಟುತ್ತದೆ. ಕ್ಯಾಮೆರಾ ನಿಲ್ಲುವುದಿಲ್ಲ, ಆದರೆ ಕಪ್ಪು ಬಾಡಿ ಬಿಸಿಲಿಗೆ ಇಡಬೇಡಿ, ಮೇಲೆ ಟವೆಲ್ ಹಾಕಿ. ಒಂಬತ್ತು ಗಂಟೆ ಆದ ಮೇಲೆ ಎರೆ ಹೊಲದ ಮೇಲೆ ಗಾಳಿ ಅಲೆಯಾಡಲು ಶುರುವಾಗುತ್ತದೆ. 200 ಮೀಟರ್ ದೂರದ ಕೃಷ್ಣಮೃಗ ಯಾವ ಕ್ಯಾಮೆರಾದಲ್ಲೂ ಚೂಪಾಗಿ ಬರುವುದಿಲ್ಲ. ಎಷ್ಟೋ ಜನ ಅದನ್ನು ನೋಡಿ ಲೆನ್ಸ್ ಕೆಟ್ಟಿದೆ ಅಂತ ಮಾರಿಬಿಡುತ್ತಾರೆ. ಅಂಥದ್ದು ಸಿಕ್ಕರೆ ನನಗೆ ಹೇಳಿ.

ಚೌಬಾರಾ ಹುಡುಗ
ಡಿ7500 ಕಡೆ ಮನಸ್ಸು ವಾಲಿದೆ. ಕಲಬುರಗಿಯಲ್ಲಿ ಒಬ್ಬರ ಹತ್ತಿರ ಇದೆಯಂತೆ. ನೋಡುವಾಗ ಏನೇನು ಪರೀಕ್ಷಿಸಬೇಕು?

ಕಮಾನು ಕಲಬುರಗಿ
ಮೊದಲು ಹೋಗುವ ಮುಂಚೆ ಒಂದು ಹೊಸ ರಾ ಫೈಲ್ ತರಿಸಿಕೊಳ್ಳಿ. ನಿಕಾನ್ ಪ್ರತಿ ಫೋಟೋದೊಳಗೆ ಶಟರ್ ಎಷ್ಟು ಸಲ ಬಡಿದಿದೆ ಅಂತ ಬರೆಯುತ್ತದೆ. ಡಿ7500 ಶಟರ್ ಪರೀಕ್ಷೆಯಾಗಿರುವುದು 1,50,000ಕ್ಕೆ. 90ಡಿಯಲ್ಲಿ ಈ ಲೆಕ್ಕ ಫೋಟೋದೊಳಗೆ ಇರುವುದಿಲ್ಲ, ಸಾಫ್ಟ್‌ವೇರ್ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದೊಂದು ದೊಡ್ಡ ಅನುಕೂಲ, ಯಾರೂ ಹೇಳುವುದಿಲ್ಲ.

ಆಮೇಲೆ ಅಪರ್ಚರ್ ಕಿರಿದು ಮಾಡಿ ಎಫ್ 16 ಇಟ್ಟು ಆಕಾಶ ತೆಗೆಯಿರಿ. ನಮ್ಮ ಕಡೆ ಕಪ್ಪು ಚುಕ್ಕೆ ಬಂದೇ ಬರುತ್ತದೆ, ಧೂಳಿನ ಊರು. ಒರೆಸಿದರೆ ಹೋಗುತ್ತದೆ, ಹೆದರಬೇಡಿ. ಗೀರು ಇದ್ದರೆ ಬಿಟ್ಟು ಬನ್ನಿ. ಲೆನ್ಸ್ ಜೊತೆಗೆ ಕೊಟ್ಟರೆ ಟಾರ್ಚ್ ಹಾಕಿ ಒಳಗೆ ನೋಡಿ. ಇಲ್ಲೇ ಇದ್ದ ಲೆನ್ಸ್‌ಗೆ ಫಂಗಸ್ ಕಡಿಮೆ, ಕರಾವಳಿಯಿಂದ ಬಂದದ್ದಾದರೆ ಜಾಸ್ತಿ ಹುಷಾರು. ಕೈಹಿಡಿಯ ರಬ್ಬರ್ ಎದ್ದಿದೆಯಾ ಒತ್ತಿ ನೋಡಿ.

ಸ್ಟುಡಿಯೋ ಕಾಕಾ
ಫೋಕಸ್ ಮರೆತೆ ನೋಡು. ಇಟ್ಟಿಗೆ ಗೋಡೆಯ ಮುಂದೆ ಓರೆಯಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಇಟ್ಟಿಗೆಗೆ ಹಿಡಿಯಪ್ಪಾ. ಹಿಂದಿನದೋ ಮುಂದಿನದೋ ಚೂಪಾಗಿ ಬಂದರೆ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಇದೆ, ಸರಿ ಮಾಡಬಹುದು. ಆದರೆ ಬೆಲೆ ಚೌಕಾಸಿ ಮುಗಿಯುವ ತನಕ ‘ಸರಿ ಮಾಡಬಹುದು’ ಅಂತ ಮಾತ್ರ ಬಾಯಿ ಬಿಡಬೇಡ.

ಚೌಬಾರಾ ಹುಡುಗ
ರಾ ಫೈಲ್ ಕೇಳಿದೆ ಕಾಕಾ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾರೆ, ಅದರೊಳಗೆ ಯಾವ ಲೆಕ್ಕವೂ ಉಳಿದಿಲ್ಲ.

ಕಮಾನು ಕಲಬುರಗಿ
ವಾಟ್ಸಾಪ್ ಅದನ್ನೆಲ್ಲ ಅಳಿಸುತ್ತದೆ. ಫೋಟೋ ಅಂತ ಬೇಡ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಅದಕ್ಕೂ ಮೀನಮೇಷ ಎಣಿಸಿದರೆ ಬಸ್ ಹತ್ತಬೇಡಿ.