ಬಿ. ಜಯಶ್ರೀ ಅವರ ಕಂಠದಾನವನ್ನು ಅಭಿನಯವೆಂದೇ ಪರಿಗಣಿಸಬೇಕಲ್ಲವೇ?

ರಂಗಾಭ್ಯಾಸಿ, ಕಲಬುರಗಿ:

ಕನ್ನಡದ ನಟಿಯರ ಬಗ್ಗೆ ಇಲ್ಲಿನ ವಿದ್ಯಾರ್ಥಿಗಳಿಗಾಗಿ ಒಂದು ಉಪನ್ಯಾಸವನ್ನು ಸಿದ್ಧಪಡಿಸುತ್ತಿದ್ದೇನೆ. ಬಿ. ಜಯಶ್ರೀ ಅವರನ್ನೇ ಕೇಂದ್ರದಲ್ಲಿಟ್ಟುಕೊಳ್ಳಬೇಕೆಂಬುದು ನನ್ನ ಇಚ್ಛೆ. ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ಬಾಲ್ಯದಲ್ಲೇ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು. 1973ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಪದವೀಧರೆಯಾಗಿ, 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದವರು. ಇವೆಲ್ಲ ಪರಿಚಯ ಲೇಖನಗಳಲ್ಲಿ ವಿವರವಾಗಿ ಸಿಗುತ್ತವೆ. ಸಿನಿಮಾ ಪಾತ್ರಗಳಿಗೂ ಒಂದು ಪ್ಯಾರಾ ಮೀಸಲಿರುತ್ತದೆ. ಆದರೆ ರಾಜ್‌ಕುಮಾರ್ ಅವರೊಂದಿಗೆ ನಟಿಸಿದ ಮಾಧವಿ, ಜಯಪ್ರದಾ, ಅಂಬಿಕಾ, ಗಾಯತ್ರಿ, ಸುಮಲತಾ ಮುಂತಾದ ನಾಯಕಿಯರಿಗೆ ಅವರು ಧ್ವನಿ ನೀಡಿದರೆಂಬ ಸಂಗತಿಯು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಮ್ಮ ಊರಿನ ಟಾಕೀಸುಗಳಲ್ಲಿ ಆ ಚಿತ್ರಗಳನ್ನು ನೋಡಿದ ಪ್ರೇಕ್ಷಕರು ಜಯಶ್ರೀಯವರ ರಂಗಪ್ರಯೋಗಗಳನ್ನು ನೋಡಿರಲಿಕ್ಕಿಲ್ಲ, ಆದರೆ ಅವರ ಕಂಠವನ್ನು ಮಾತ್ರ ಅರಿಯದೆಯೇ ಕೇಳಿಸಿಕೊಂಡಿರುತ್ತಾರೆ. ಹೀಗಿರುವಾಗ ಕಂಠದಾನವನ್ನು ಉಪವೃತ್ತಿಯೆಂದು ಬದಿಗೆ ಸರಿಸುವುದು ನ್ಯಾಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯ ಪ್ರೇಕ್ಷಕ, ಬೀದರ್:

ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವನ್ನು ಕಂಪನಿ ನಾಟಕದ ಒಳಗಿನಿಂದಲೇ ಹುಡುಕಬೇಕಾಗುತ್ತದೆ.

ಶರಣಬಸವೇಶ್ವರರ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳನ್ನು ಕಂಡವರಿಗೆ ಒಂದು ಮಾತು ಗೊತ್ತಿರುತ್ತದೆ: ಅಲ್ಲಿ ನಟಿಯ ಮುಖ ಮುಂದಿನ ಕುರ್ಚಿಯವರಿಗಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಹಿಂದೆ ನೆಲದ ಮೇಲೆ ಕುಳಿತವರಿಗೆ ಪಾತ್ರವು ತಲುಪುವುದು ದನಿಯ ಮೂಲಕವೇ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಂತೂ ಹಾಡು, ಮಾತು, ಅಳು, ನಗು ಇವೆಲ್ಲವನ್ನೂ ಎದೆಯುಸಿರಿನ ಬಲದಿಂದಲೇ ಡೇರೆಯ ಕೊನೆಯವರೆಗೆ ಕಳಿಸಬೇಕಿತ್ತು. ಜಯಶ್ರೀಯವರು ಕಣ್ಣು ತೆರೆದದ್ದೇ ಅಂಥ ಪರಂಪರೆಯಲ್ಲಿ. ಅವರ ತಾಯಿ ಜಿ.ವಿ. ಮಾಲತಮ್ಮನವರೂ ಅದೇ ಮನೆತನದ ಕಲಾವಿದೆ. ಆ ಬಳಿಕ ಅವರು ದೆಹಲಿಗೆ ಹೋದಾಗ ನಾಟಕ ಶಾಲೆಯ ನಿರ್ದೇಶಕರಾಗಿದ್ದವರು ಇಬ್ರಾಹಿಂ ಅಲ್ಕಾಝಿ. ಕಂಪನಿಯ ತುಂಬುಗಂಠಕ್ಕೆ ಆ ಶಾಲೆಯ ಶಿಸ್ತು ಸೇರಿಕೊಂಡಿತು. ಗುಬ್ಬಿ ಕಂಪನಿಯಿಂದ ಹೊರಟು ಅದೇ ಶಾಲೆಗೆ ಹೋದ ಇನ್ನೊಬ್ಬರೆಂದರೆ ಬಿ.ವಿ. ಕಾರಂತರು. ಕಾರಂತರ ರಂಗಸಂಗೀತ ಮತ್ತು ಜಯಶ್ರೀಯವರ ಹಾಡುಗಾರಿಕೆ ಪರಸ್ಪರ ಅಷ್ಟು ಹೊಂದಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನೊಂದು ಸಂಗತಿಯನ್ನು ನೀವು ಉಪನ್ಯಾಸದಲ್ಲಿ ಹೇಳಲೇಬೇಕು. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು, ರಾಜ್‌ಕುಮಾರ್ ಅವರೂ 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ಬರುವ ಮೊದಲು ಅಲ್ಲಿಯೇ ಪಳಗಿದವರು. ಅಂದರೆ ಪರದೆಯ ಮೇಲೆ ನಾಯಕ ಮತ್ತು ನಾಯಕಿ ಮಾತನಾಡಿಕೊಳ್ಳುವಾಗ, ಮುಖಗಳು ಬೇರೆ ಬೇರೆ ಊರುಗಳಿಂದ ಬಂದವಾದರೂ ಎರಡು ದನಿಗಳೂ ಒಂದೇ ಗರಡಿಯವು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದದ ಮೇಲೆ ಒತ್ತು ಬೀಳಬೇಕು, ಎದುರಾಳಿಯ ಮಾತು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ತಿಳಿವಳಿಕೆ ಇಬ್ಬರಿಗೂ ರಂಗಭೂಮಿಯಿಂದಲೇ ಬಂದದ್ದು. ಆ ಸಂಭಾಷಣೆಗಳು ನಮ್ಮ ಕಿವಿಗೆ ಅಷ್ಟು ಸಹಜವಾಗಿ ಕೇಳಿಸಿದ್ದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಧ್ವನಿ ಕಲಾವಿದೆ, ಕಲಬುರಗಿ:

ಬಾನುಲಿ ನಾಟಕಗಳಲ್ಲಿ ಪಾತ್ರ ವಹಿಸಿರುವ ನಾನು ಕೆಲಸದ ಸ್ವರೂಪದ ಬಗ್ಗೆ ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ.

ಬಾನುಲಿಯಲ್ಲಿ ನಮ್ಮ ಮಾತಿನ ವೇಗವನ್ನು ನಾವೇ ನಿರ್ಧರಿಸಬಹುದು. ಡಬ್ಬಿಂಗ್‌ನಲ್ಲಿ ಆ ಸ್ವಾತಂತ್ರ್ಯವಿಲ್ಲ. ಕಂಪ್ಯೂಟರ್ ಬರುವ ಮುಂಚೆ ಚಿತ್ರದ ಸುರುಳಿಯನ್ನು ಸಣ್ಣ ತುಣುಕುಗಳಾಗಿ ಮಾಡಿ, ಪ್ರತಿ ತುಣುಕನ್ನೂ ಪರದೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತಿದ್ದರು. ಕಲಾವಿದೆಯು ಆ ತುಟಿಗಳನ್ನೇ ದಿಟ್ಟಿಸುತ್ತ ತನ್ನ ಮಾತನ್ನು ಅವುಗಳಿಗೆ ಕೂಡಿಸಬೇಕಿತ್ತು. ತುಟಿಗಳು ಮುಚ್ಚಿದ ಕ್ಷಣದಲ್ಲಿ ಪ, ಬ, ಮ ಅಕ್ಷರಗಳು ಬೀಳದಿದ್ದರೆ ಪ್ರೇಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ. ನಾಯಕಿಯ ಮಾತೃಭಾಷೆ ತೆಲುಗೋ ಮಲಯಾಳವೋ ಆಗಿದ್ದು, ಕನ್ನಡದ ಸಂಭಾಷಣೆಯನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದರೆ, ಪದಗಳ ನಡುವೆ ಇರಬಾರದ ಕಡೆ ಬಿಡುವು ಬಿದ್ದಿರುತ್ತದೆ. ಆ ಬಿಡುವನ್ನು ಒಂದು ನಿಟ್ಟುಸಿರಿನಿಂದಲೋ, ಮಾತು ತಡವರಿಸಿದ ಭಾವದಿಂದಲೋ ಅರ್ಥಪೂರ್ಣವಾಗಿಸುವುದು ಧ್ವನಿ ನೀಡುವವರ ಹೊಣೆ. ಇದನ್ನು ಅಭಿನಯವಲ್ಲದೆ ಬೇರೆ ಏನೆಂದು ಕರೆಯೋಣ?

ರಂಗದ ಮೇಲೆ ದನಿಯನ್ನು ಹಿಗ್ಗಿಸಬೇಕಾದರೆ ಮೈಕಿನ ಮುಂದೆ ಅದನ್ನು ಕುಗ್ಗಿಸಬೇಕು. ‘ಲಕ್ಷಾಪತಿ ರಾಜನ ಕಥೆ’ಯಂಥ ಜನಪದ ಶೈಲಿಯ ನಾಟಕವನ್ನು ನಿರ್ದೇಶಿಸಿದ, ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿಯನ್ನು ರಂಗಕ್ಕೆ ತಂದ ಕಲಾವಿದೆಯು, ಅದೇ ಕಂಠವನ್ನು ನಾಯಕಿಯರ ಮೆಲುಮಾತಿಗೂ ಒಗ್ಗಿಸಿಕೊಂಡದ್ದು ನನ್ನಂಥವರಿಗೆ ದೊಡ್ಡ ಪಾಠ. ನಾಯಕಿಯರ ಮುಖ, ಮೈಕಟ್ಟು, ಸ್ವಭಾವ ಎಲ್ಲವೂ ಬೇರೆಬೇರೆಯಾಗಿದ್ದಾಗ, ಒಬ್ಬರ ದನಿಯು ಇಷ್ಟೊಂದು ಜನರಿಗೆ ಹೊಂದಬೇಕಾದರೆ ತನ್ನ ಗುರುತನ್ನು ಪ್ರತಿ ಸಲವೂ ಬಿಟ್ಟುಕೊಡುವ ಸಂಯಮ ಬೇಕು.

ಓದುಗ, ಯಾದಗಿರಿ:

ಮೇಲಿನ ಎರಡೂ ಉತ್ತರಗಳನ್ನು ಗೌರವಿಸುತ್ತೇನೆ, ಆದರೂ ಒಂದು ಎಚ್ಚರಿಕೆ ಅಗತ್ಯ. ಆ ಪಾತ್ರಗಳನ್ನು ಜಯಶ್ರೀಯವರ ಖಾತೆಗೇ ಬರೆದುಬಿಡಬಾರದು. ಕಣ್ಣು, ನಡಿಗೆ, ಕೈಗಳ ಕೆಲಸ ಪರದೆಯ ಮೇಲಿನ ನಟಿಯದು. ಅದು ಅರ್ಧ ಪಾತ್ರ. ಅಲ್ಲದೆ ಅಂದಿನ ಅನೇಕ ಚಿತ್ರಗಳ ಹೆಸರುಪಟ್ಟಿಯಲ್ಲಿ ಕಂಠದಾನ ಮಾಡಿದವರ ಹೆಸರೇ ಇರುತ್ತಿರಲಿಲ್ಲವಾದ್ದರಿಂದ, ಯಾವ ಚಿತ್ರದಲ್ಲಿ ಯಾರ ದನಿ ಎಂಬುದನ್ನು ಚಿತ್ರರಂಗದ ಹಿರಿಯರಿಂದ ಖಚಿತಪಡಿಸಿಕೊಳ್ಳದೆ ವಿದ್ಯಾರ್ಥಿಗಳಿಗೆ ದೃಶ್ಯಗಳನ್ನು ತೋರಿಸಬೇಡಿ.

ರಂಗಾಭ್ಯಾಸಿ, ಕಲಬುರಗಿ:

ಯಾದಗಿರಿಯ ಮಿತ್ರರ ಎಚ್ಚರಿಕೆಯನ್ನು ಪಾಲಿಸುತ್ತೇನೆ. ಖಚಿತವಾಗದ ದೃಶ್ಯವನ್ನು ತೋರಿಸುವುದಿಲ್ಲ. ಇನ್ನೊಂದು ಪ್ರಶ್ನೆ ಉಳಿದಿದೆ. ಅವರ ದನಿ ಮತ್ತು ದೇಹ ಎರಡೂ ಒಟ್ಟಿಗೆ ಕಾಣುವಂಥ, ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಹತ್ತಿರವಾಗುವಂಥ ಚಿತ್ರಪಾತ್ರ ಯಾವುದಿದೆ?

ಹಳೆಯ ಪ್ರೇಕ್ಷಕ, ಬೀದರ್:

‘ನಾಗಮಂಡಲ’ದ ಕುರುಡವ್ವ. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ.ಎಸ್. ನಾಗಾಭರಣರು 1997ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ಕೇಳಿಸುವುದು ಉತ್ತರ ಕರ್ನಾಟಕದ ಮಾತು. ಮೈಸೂರು ಸೀಮೆಯ ಮಾತಿನಲ್ಲಿ ಬೆಳೆದ ನಟಿ ನಮ್ಮ ಕಡೆಯ ಮಾತಿನ ಏರಿಳಿತವನ್ನು ಹೇಗೆ ತನ್ನದಾಗಿಸಿಕೊಂಡಿದ್ದಾರೆಂಬುದನ್ನು ಕಲಬುರಗಿಯ ಹುಡುಗರು ತಾವೇ ಪರೀಕ್ಷಿಸಿ ಹೇಳಲಿ. ಅವರಿಗಿಂತ ಕಟ್ಟುನಿಟ್ಟಿನ ಪರೀಕ್ಷಕರು ಸಿಗಲಾರರು.

ಈ ಪಾತ್ರವನ್ನು ಸೂಚಿಸಲು ಇನ್ನೂ ಮುಖ್ಯವಾದ ಕಾರಣವಿದೆ. ಕುರುಡವ್ವನಿಗೆ ದೃಷ್ಟಿಯಿಲ್ಲ. ಸಿನಿಮಾ ನಟಿಯ ಅತಿ ದೊಡ್ಡ ಸಾಧನವಾದ ಕಣ್ಣೋಟವನ್ನು ಪಾತ್ರವೇ ಕಸಿದುಕೊಂಡಿರುವಾಗ, ಗಂಡನ ಒಲವು ಕಾಣದ ನಾಯಕಿ ರಾಣಿಯ ಕಷ್ಟವನ್ನು ಅರಿತ ಮರುಕ, ಅವನನ್ನು ಒಲಿಸಿಕೊಳ್ಳಲೆಂದು ಅವಳಿಗೆ ವಶೀಕರಣದ ಬೇರನ್ನು ಕೊಡುವಾಗಿನ ಹುಮ್ಮಸ್ಸು, ಮಗನ ಮೇಲಿನ ಮಮತೆ ಇವೆಲ್ಲವನ್ನೂ ದನಿ ಮತ್ತು ಬೆರಳುಗಳೇ ಹೊರಬೇಕಾಗುತ್ತದೆ. ಧ್ವನಿ ಕಲಾವಿದೆಯವರು ವಿವರಿಸಿದ ಆ ದುಡಿಮೆಯ ಫಲವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಮೊದಲು ಪರದೆಯನ್ನು ಮುಚ್ಚಿ ಧ್ವನಿಯನ್ನಷ್ಟೇ ಕೇಳಿಸಿ, ಬಳಿಕ ದೃಶ್ಯವನ್ನು ತೋರಿಸಿದರೆ ಚರ್ಚೆ ತಾನಾಗಿಯೇ ಆರಂಭವಾಗುತ್ತದೆ.

1996ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರ ರಾಜ್ಯಸಭಾ ನಾಮನಿರ್ದೇಶನ, 2013ರ ಪದ್ಮಶ್ರೀ ಇವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಹಂಚಿಬಿಡಿ. ನಿಮಗಿರುವ ಸಮಯವನ್ನು ಕೇಳಿಸುವುದಕ್ಕೆ ಇಟ್ಟುಕೊಳ್ಳಿ.