ಬಾಡಿಗೆ ಸರ್ವರ್ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ ನಮ್ಮದು ಯಾವುದು, ಅವರದು ಯಾವುದು?

ಮೊದಲ_ಸರ್ವರ್
ನಾನು ವೆಬ್‌ಸೈಟ್ ಮಾಡಿಕೊಡುವವನು. ಸದ್ಯ 42 ಗ್ರಾಹಕರ ಸೈಟುಗಳು ಒಂದು ರೀಸೆಲ್ಲರ್ ಖಾತೆಯಲ್ಲಿವೆ (ಹೋಸ್ಟಿಂಗ್ ಜಾಗ ಹಿಡಿದು ಮರುಮಾರಾಟ ಮಾಡುವ ಖಾತೆ). ಜಾಗ ಸಾಲುತ್ತಿಲ್ಲ. ಪೂರ್ತಿ ಒಂದು ಸರ್ವರ್ ಬಾಡಿಗೆಗೆ ಹಿಡಿದು ಹೋಸ್ಟಿಂಗ್ ಮಾರೋಣ ಅಂತಿದ್ದೇನೆ. ಒಬ್ಬರು ಕೊಟ್ಟ ಪಟ್ಟಿ ಹೀಗಿದೆ: ಅಲ್ಮಾಲಿನಕ್ಸ್ 9 (ಆಪರೇಟಿಂಗ್ ಸಿಸ್ಟಮ್), 100 ಖಾತೆಗಳ ಸಿಪ್ಯಾನೆಲ್ (ಸೈಟು, ಮೇಲ್ ನೋಡಿಕೊಳ್ಳುವ ಪ್ಯಾನೆಲ್), ಸಾಫ್ಟ್ಯಾಕ್ಯುಲಸ್ (ವರ್ಡ್‌ಪ್ರೆಸ್ ಥರದ್ದನ್ನು ಸುಲಭವಾಗಿ ಹಾಕಿಕೊಡುವ ಸಾಫ್ಟ್‌ವೇರ್), ರೇಡ್ 1 ಡಿಸ್ಕ್ (ಒಂದರ ನಕಲು ಇನ್ನೊಂದರಲ್ಲಿ ಇರುವ ಜೋಡಿ ಡಿಸ್ಕ್), "ಉಚಿತ ಬ್ಯಾಕಪ್", "ಮ್ಯಾನೇಜ್ಡ್ ಸಪೋರ್ಟ್". ಇಷ್ಟಿದ್ದರೆ ನಾಳೆಯಿಂದಲೇ ಗ್ರಾಹಕರನ್ನು ಸೇರಿಸಿಕೊಳ್ಳಬಹುದಾ? ಇನ್ನೇನಾದರೂ ನಾನೇ ಕೊಳ್ಳಬೇಕಾ?

ಕಪ್ಪುಪರದೆ
ಪ್ಯಾನೆಲ್ ಬೇಡ ಅನ್ನಿ. ಬರೀ ಆಪರೇಟಿಂಗ್ ಸಿಸ್ಟಮ್ ಹಾಕಿದ ಸರ್ವರ್ ಕೇಳಿ. ಸಿಪ್ಯಾನೆಲ್ 2019ರಲ್ಲಿ ಏನು ಮಾಡಿತು ಗೊತ್ತಲ್ವಾ? ಅಲ್ಲಿಯವರೆಗೆ ಒಂದು ಸರ್ವರ್‌ಗೆ ಒಂದು ಲೈಸೆನ್ಸ್, ಎಷ್ಟು ಖಾತೆ ಬೇಕಾದರೂ ಇಡಬಹುದಿತ್ತು. ಆ ವರ್ಷ ಖಾತೆಗಳನ್ನು ಎಣಿಸಿ ದುಡ್ಡು ಕೇಳಲು ಶುರು ಮಾಡಿದರು. ನಿಮ್ಮ ವ್ಯಾಪಾರ ಬೆಳೆದಷ್ಟೂ ಅವರ ಬಿಲ್ಲೂ ಬೆಳೆಯುತ್ತದೆ. ಬೇರೆ ಪ್ಯಾನೆಲ್‌ಗಳಲ್ಲಿ ವರ್ಚುವಲ್ಮಿನ್ ಇದೆ, ಐಎಸ್‌ಪಿಕಾನ್ಫಿಗ್ ಇದೆ. ಎರಡನ್ನೂ ಸುಮ್ನೆ ಇಳಿಸಿಕೊಂಡು ಹಾಕಿಕೊಳ್ಳಬಹುದು. ಸೈಟು, ಡೇಟಾಬೇಸ್, ಮೇಲ್ ಓಡಿಸುವ ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ, ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎಲ್ಲ ಮೊದಲಿನಿಂದಲೂ ಉಚಿತ. ಪಟ್ಟಿಯಲ್ಲಿ ಹಣ ಕೊಡಬೇಕಾದ್ದು ಆ ಪ್ಯಾನೆಲ್ ಮತ್ತು ಸಾಫ್ಟ್ಯಾಕ್ಯುಲಸ್‌ಗೆ ಮಾತ್ರ.

ಹತ್ತುವರ್ಷ_ಹೋಸ್ಟಿಂಗ್
ಸರ್, ನಿಮ್ಮ ಮಾತು ನಿಮಗೆ ಸರಿ. ಇವರಿಗೆ ಸರಿಯಾ? ಇವರು ಬರೀ ತಮ್ಮ ಸೈಟ್ ಇಡುತ್ತಿಲ್ಲ, ಮಾರುತ್ತಿದ್ದಾರೆ. ಮಾರುವವನಿಗೆ ಪ್ಯಾನೆಲ್‌ನಲ್ಲಿ ರೀಸೆಲ್ಲರ್ ಅನ್ನುವ ಮಟ್ಟ ಬೇಕು. ಉಚಿತ ವರ್ಚುವಲ್ಮಿನ್‌ನಲ್ಲಿ ಅದಿಲ್ಲ, ಪ್ರೊ ಆವೃತ್ತಿಯಲ್ಲಿ ಮಾತ್ರ ಇದೆ. ಹೆಸ್ಟಿಯಾ ಅನ್ನುವ ಇನ್ನೊಂದು ಉಚಿತ ಪ್ಯಾನೆಲ್‌ನಲ್ಲೂ ಇಲ್ಲ. ಹಣ ಕೊಟ್ಟು ಪ್ಲೆಸ್ಕ್ ಪ್ಯಾನೆಲ್ ತೆಗೆದುಕೊಂಡರೆ ವೆಬ್ ಹೋಸ್ಟ್ ಆವೃತ್ತಿಯೇ ಬೇಕು. ಅದರ ಕೆಳಗಿನ ವೆಬ್ ಪ್ರೊನಲ್ಲಿ 30 ಡೊಮೇನ್ ಮಾತ್ರ, ರೀಸೆಲ್ಲರ್ ಸೌಲಭ್ಯವೂ ಇಲ್ಲ. ಐಎಸ್‌ಪಿಕಾನ್ಫಿಗ್‌ನಲ್ಲಿ ರೀಸೆಲ್ಲರ್ ಇದೆ, ಒಪ್ಪುತ್ತೇನೆ. ಆದರೆ ಗ್ರಾಹಕ ಫೋನ್ ಮಾಡಿ "ನನ್ನ ಇಮೇಲ್ ಎಲ್ಲಿ ಸೇರಿಸಬೇಕು" ಅಂದಾಗ ಅವನ ಕಣ್ಣ ಮುಂದೆ ಇರುವುದು ಅವನಿಗೆ ಪರಿಚಯದ ಪರದೆ ಆಗಿರಬೇಕು. ಈಗಿನ 42 ಜನ ಸಿಪ್ಯಾನೆಲ್‌ಗೆ ಒಗ್ಗಿಹೋಗಿದ್ದಾರೆ.

ಕಪ್ಪುಪರದೆ
ಆ 42 ಜನರಲ್ಲಿ ಎಷ್ಟು ಮಂದಿ ಪ್ಯಾನೆಲ್ ಒಳಗೆ ಕಾಲಿಟ್ಟಿದ್ದಾರೆ ಅಂತ ಒಮ್ಮೆ ನೋಡಿ. ಸೈಟ್ ಮಾಡಿಕೊಟ್ಟವರೇ ಎಲ್ಲವನ್ನೂ ನೋಡಿಕೊಳ್ಳುವಾಗ ಗ್ರಾಹಕರು ಅದನ್ನು ತೆರೆಯುವುದೇ ಅಪರೂಪ. ಇನ್ನು ಸೈಟು ಸಾಗಿಸುವ ಚಿಂತೆ ಬೇಡ. ವರ್ಚುವಲ್ಮಿನ್, ಡೈರೆಕ್ಟ್‌ಅಡ್ಮಿನ್ (ಹಣ ಕೊಟ್ಟು ಕೊಳ್ಳುವ ಇನ್ನೊಂದು ಪ್ಯಾನೆಲ್) ಎರಡೂ ಸಿಪ್ಯಾನೆಲ್‌ನ ಪೂರ್ತಿ ಬ್ಯಾಕಪ್ ಫೈಲ್ ಓದಿಕೊಳ್ಳುತ್ತವೆ.

ಟಿಕೆಟ್_ಮೇಜು
ನಾನು ಸರ್ವರ್ ಬಾಡಿಗೆಗೆ ಕೊಡುವ ಕಡೆ ಸಪೋರ್ಟ್‌ನಲ್ಲಿ ಕೆಲಸ ಮಾಡಿದವಳು. ಪ್ಯಾನೆಲ್ ಯಾವುದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಆ ಲೈಸೆನ್ಸ್ ಯಾರ ಹೆಸರಲ್ಲಿದೆ?

ಪಟ್ಟಿಯಲ್ಲಿ "ಸಿಪ್ಯಾನೆಲ್ ಸಮೇತ" ಅಂತ ಇದ್ದರೆ ಆ ಲೈಸೆನ್ಸ್ ಬಾಡಿಗೆಗೆ ಕೊಟ್ಟವರದ್ದು. ಅದು ಸರ್ವರ್‌ನ ಐಪಿ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ನಾಳೆ ನೀವು ಬೇರೆ ಕಡೆ ಹೋದರೆ ಅದು ನಿಮ್ಮ ಜೊತೆ ಬರಲ್ಲ, ಅಲ್ಲಿ ಹೊಸದು ಹಿಡಿಯಬೇಕು. ತೊಂದರೆ ಬಂದಾಗಲೂ ಮೊದಲು ಅವರ ಟಿಕೆಟ್ (ದೂರು) ಸಾಲಿನಲ್ಲೇ ನಿಲ್ಲಬೇಕು. ನೇರವಾಗಿ ಕೊಂಡರೆ ಐಪಿ ಬದಲಾದಾಗ ನೀವೇ ಬದಲಾಯಿಸಿಕೊಳ್ಳಬಹುದು.

ಇನ್ನೊಂದು ವಿಷಯ. 100 ಅನ್ನುವುದು ಗಡಿ ಅಲ್ಲ, ಆ ದರದಲ್ಲಿ ಸೇರಿರುವ ಖಾತೆಗಳ ಸಂಖ್ಯೆ. ಅದು ದಾಟಿದ ಮೇಲೆ ಒಂದೊಂದು ಖಾತೆಗೂ ಬೇರೆ ಹಣ. ನಿಮ್ಮ ಕೆಳಗಿನ ರೀಸೆಲ್ಲರ್ ತೆರೆದ ಖಾತೆಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಅವರಿಗೆ ದರ ಹೇಳುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಹತ್ತುವರ್ಷ_ಹೋಸ್ಟಿಂಗ್
ಮೇಡಂ ಹೇಳಿದ್ದು ನನಗೇ ಆಗಿದೆ. ಸರ್ವರ್ ಕೊಟ್ಟವರು ಲೈಸೆನ್ಸ್ ಹಣ ಮೇಲಿನವರಿಗೆ ಕಟ್ಟುವುದು ತಡ ಮಾಡಿದರು. ನಾನು ಅವರಿಗೆ ಸಮಯಕ್ಕೆ ಸರಿಯಾಗಿ ಕಟ್ಟಿದ್ದೆ. ಸೈಟುಗಳೇನೋ ಓಡುತ್ತಿದ್ದವು, ಮೇಲ್ ಹೋಗುತ್ತಿತ್ತು, ಆದರೆ ಯಾರಿಗೂ ಪ್ಯಾನೆಲ್ ತೆರೆಯುತ್ತಿರಲಿಲ್ಲ. ನನಗೆ ಡಬ್ಲ್ಯೂಎಚ್‌ಎಂ (ಸಿಪ್ಯಾನೆಲ್‌ನಲ್ಲಿ ಸರ್ವರ್ ನೋಡಿಕೊಳ್ಳುವವನ ಪರದೆ) ಕೂಡ ತೆರೆಯಲಿಲ್ಲ. ಎರಡು ದಿನ ಗ್ರಾಹಕರಿಗೆ ಉತ್ತರ ಹೇಳಿ ಹೇಳಿ ಸಾಕಾಯಿತು. ಅವತ್ತಿನಿಂದ ಲೈಸೆನ್ಸ್ ಮಾತ್ರ ನನ್ನ ಹೆಸರಲ್ಲೇ.

ಅಗ್ಗಕ್ಕೆ "ಲೈಫ್‌ಟೈಮ್ ಲೈಸೆನ್ಸ್" ಕೊಡುತ್ತೇವೆ ಅಂತ ಬರುವವರ ಹತ್ತಿರ ಮಾತ್ರ ಹೋಗಬೇಡಿ. ಅವರ ಸ್ಕ್ರಿಪ್ಟ್ ನಿಮ್ಮ ಸರ್ವರ್‌ನಲ್ಲಿ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದಲ್ಲಿ, ಓಡುತ್ತದೆ. ಒಳಗೆ ಏನು ಮಾಡುತ್ತದೆ ಅಂತ ನಿಮಗೆ ಕಾಣಲ್ಲ. ಗ್ರಾಹಕರ ಡೇಟಾ ಇರುವ ಜಾಗಕ್ಕೆ ಅಪರಿಚಿತರಿಗೆ ಕೀಲಿ ಕೊಟ್ಟ ಹಾಗೆ.

ಮೊದಲ_ಸರ್ವರ್
ಇದು ನನ್ನ ತಲೆಗೇ ಬಂದಿರಲಿಲ್ಲ. ಹಾಗಾದರೆ ಅವರು ಸಿಪ್ಯಾನೆಲ್ ಹಾಕಿ ಕೊಟ್ಟ ಮೇಲೆ ಇಷ್ಟವಾಗದಿದ್ದರೆ ತೆಗೆದು ಡೈರೆಕ್ಟ್‌ಅಡ್ಮಿನ್ ಹಾಕಬಹುದಾ?

ಕಪ್ಪುಪರದೆ
ಆಗಲ್ಲ. ಸಿಪ್ಯಾನೆಲ್‌ಗೆ ಅನ್‌ಇನ್‌ಸ್ಟಾಲರ್ ಇಲ್ಲ. ಡಿಸ್ಕ್ ಅಳಿಸಿ ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕಬೇಕು. ಗ್ರಾಹಕರು ಬರುವ ಮುಂಚೆಯೇ ಇದನ್ನು ತೀರ್ಮಾನ ಮಾಡಿ. ಡೈರೆಕ್ಟ್‌ಅಡ್ಮಿನ್ ಬಗ್ಗೆ ಕೇಳಿದ್ದು ಒಳ್ಳೆಯದು. ಅದರಲ್ಲಿ ಅಡ್ಮಿನ್, ರೀಸೆಲ್ಲರ್, ಯೂಸರ್ ಅಂತ ಮೂರು ಮಟ್ಟ ಇದೆ, ಯಂತ್ರಕ್ಕೂ ಭಾರ ಕಡಿಮೆ. ಹಣ ಕೊಡಲೇಬೇಕು ಅಂದರೆ ನಾನು ಅದಕ್ಕೆ ಕೊಡುತ್ತೇನೆ.

ಆಪರೇಟಿಂಗ್ ಸಿಸ್ಟಮ್ ಪಟ್ಟಿಯನ್ನೂ ನೋಡಿ. ಸೆಂಟ್‌ಓಎಸ್ 7ರ ಆಯುಷ್ಯ 2024ರ ಜೂನ್ 30ಕ್ಕೆ ಮುಗಿಯಿತು. ಅದನ್ನು ಈಗಲೂ ಹಾಕಿಕೊಡುವವರು ಇದ್ದರೆ ಅವರ ಉಳಿದ ಸಾಫ್ಟ್‌ವೇರ್ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ನಿಮಗೆ ಅಲ್ಮಾಲಿನಕ್ಸ್ 9 ಕೊಡುತ್ತಿದ್ದಾರೆ, ಅದು ಸರಿ ಇದೆ.

ಅಂಚೆಪೆಟ್ಟಿಗೆ
ಎಲ್ಲರೂ ಪ್ಯಾನೆಲ್ ಮಾತಾಡುತ್ತಿದ್ದೀರಿ. ಹೋಸ್ಟಿಂಗ್ ಮಾರುವವನಿಗೆ ಜಾಸ್ತಿ ದೂರು ಬರುವುದು ಮೇಲ್ ಬಗ್ಗೆ. ಸಿಪ್ಯಾನೆಲ್ ಜೊತೆ ಎಕ್ಸಿಮ್, ಡವ್‌ಕಾಟ್ ಬರುತ್ತವೆ. ಸಾಫ್ಟ್‌ವೇರ್ ಇದೆ ಅಂದ ಮಾತ್ರಕ್ಕೆ ಮೇಲ್ ಹೋಗಿ ಮುಟ್ಟಲ್ಲ.

ಐಪಿ ವಿಳಾಸ ಬಾಡಿಗೆಗೆ ಕೊಟ್ಟವರದ್ದು. ಆ ಐಪಿಯ ಹಿಮ್ಮುಖ ಡಿಎನ್‌ಎಸ್, ಅಂದರೆ ಐಪಿ ಯಾವ ಹೆಸರಿನದು ಅಂತ ಹೇಳುವ ಪಿಟಿಆರ್ ದಾಖಲೆ, ಅವರ ಕೈಯಲ್ಲಿರುತ್ತದೆ. ನೀವು ಪ್ಯಾನೆಲ್‌ನಲ್ಲಿ ಏನೇ ಬರೆದರೂ ಅವರು ಹಾಕದೆ ಅದು ಕೆಲಸ ಮಾಡಲ್ಲ. 2024ರ ಫೆಬ್ರುವರಿಯಿಂದ ಜಿಮೇಲ್ ಬಿಗಿ ಮಾಡಿದೆ. ಕಳಿಸುವವರು ಯಾರೇ ಆಗಲಿ ಪಿಟಿಆರ್ ಸರಿ ಇರಬೇಕು, ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್ ನಿಜಕ್ಕೂ ಆ ಡೊಮೇನ್‌ನಿಂದಲೇ ಬಂತು ಅಂತ ತೋರಿಸುವ ಗುರುತುಗಳು) ಇರಬೇಕು. ದಿನಕ್ಕೆ 5,000 ಮೇಲ್ ದಾಟಿದರೆ ಈ ಎರಡೂ ಬೇಕು, ಜೊತೆಗೆ ಡಿಮಾರ್ಕ್ (ಆ ಗುರುತು ಹೊಂದದಿದ್ದರೆ ಮೇಲ್ ಏನು ಮಾಡಬೇಕು ಅಂತ ಹೇಳುವ ದಾಖಲೆ) ಕೂಡ. ಸಣ್ಣವರು ಅಷ್ಟು ಕಳಿಸಲ್ಲ ಅಂದುಕೊಳ್ಳಬೇಡಿ, ಮೂರನ್ನೂ ಹಾಕಿಬಿಡಿ.

ಸರ್ವರ್ ಕೈಗೆ ಬಂದ ದಿನವೇ ಆ ಐಪಿ ಸ್ಪ್ಯಾಮ್‌ಹೌಸ್‌ನ ಸ್ಪ್ಯಾಮ್ ಐಪಿಗಳ ಪಟ್ಟಿಯಲ್ಲಿ ಇದೆಯಾ ನೋಡಿ. ನಿಮ್ಮ ಮುಂಚೆ ಅದನ್ನು ಬಾಡಿಗೆಗೆ ಹಿಡಿದವರು ಏನು ಮಾಡಿದ್ದರೋ! ಪಟ್ಟಿಯಲ್ಲಿದ್ದರೆ ಆಗಲೇ ಬೇರೆ ಐಪಿ ಕೇಳಿ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ 25ನೇ ಪೋರ್ಟ್ ಹೊರಗೆ ಹೋಗಲು ತೆರೆದಿದೆಯಾ ಅಂತಲೂ ಕೇಳಿ. ಕೆಲವರು ಅದನ್ನು ಮುಚ್ಚಿಟ್ಟೇ ಕೊಡುತ್ತಾರೆ. ಆಮೇಲೆ ಡಬ್ಲ್ಯೂಎಚ್‌ಎಂನಲ್ಲಿ ಒಂದು ಡೊಮೇನ್ ಗಂಟೆಗೆ ಎಷ್ಟು ಮೇಲ್ ಕಳಿಸಬಹುದು ಅನ್ನುವ ಮಿತಿ ಹಾಕಿ. ತಾನಾಗಿ ಅದಕ್ಕೆ ಮಿತಿ ಇರಲ್ಲ. ಒಬ್ಬ ಗ್ರಾಹಕನ ಪಾಸ್‌ವರ್ಡ್ ಕಳುವಾದರೆ ಒಂದೇ ರಾತ್ರಿಯಲ್ಲಿ ಉಳಿದ 41 ಜನರ ಮೇಲ್ ನಿಂತುಹೋಗುತ್ತದೆ.

ಟಿಕೆಟ್_ಮೇಜು
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಪಟ್ಟಿಯಲ್ಲಿ ಕ್ಲೌಡ್‌ಲಿನಕ್ಸ್ ಇಲ್ಲ. ಸಿಪ್ಯಾನೆಲ್ ಡಿಸ್ಕ್ ಮತ್ತು ಬ್ಯಾಂಡ್‌ವಿಡ್ತ್‌ಗೆ ಖಾತೆವಾರು ಮಿತಿ ಹಾಕುತ್ತದೆ. ಸಿಪಿಯು ಮತ್ತು ಮೆಮೊರಿಗೆ ಹಾಕಲ್ಲ. ಯಾರದೋ ವರ್ಡ್‌ಪ್ರೆಸ್‌ನ ಲಾಗಿನ್ ಪುಟದ ಮೇಲೆ ಬಾಟ್‌ಗಳು ಮುಗಿಬಿದ್ದರೆ ಇಡೀ ಸರ್ವರ್ ಕುಂಟುತ್ತದೆ. ಕ್ಲೌಡ್‌ಲಿನಕ್ಸ್ ಕರ್ನಲ್ ಮಟ್ಟದಲ್ಲೇ ಒಂದೊಂದು ಖಾತೆಗೂ ಬೇಲಿ ಹಾಕುತ್ತದೆ. ಕೇಜ್‌ಎಫ್‌ಎಸ್ ಇರುವುದರಿಂದ ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣಲ್ಲ. ಅದಕ್ಕೆ ಬೇರೆ ಲೈಸೆನ್ಸ್.

ಕಪ್ಪುಪರದೆ
ಮೇಡಂ, ಪಿಎಚ್‌ಪಿ-ಎಫ್‌ಪಿಎಂನಲ್ಲಿ (ಪಿಎಚ್‌ಪಿ ಓಡಿಸುವ ಸಾಫ್ಟ್‌ವೇರ್) ಖಾತೆಗೊಂದು ಪೂಲ್, ಅಂದರೆ ಪ್ರೊಸೆಸ್‌ಗಳ ಗುಂಪು, ಮಾಡಿ ಪ್ರೊಸೆಸ್ ಸಂಖ್ಯೆಗೆ ಮಿತಿ ಹಾಕಿದರೆ ಅರ್ಧ ಕೆಲಸ ಉಚಿತವಾಗಿಯೇ ಆಗುತ್ತದೆ.

ಟಿಕೆಟ್_ಮೇಜು
ಅರ್ಧ ಕೆಲಸ ಆಗುತ್ತದೆ, ನಿಜ. 42 ಜನರಲ್ಲಿ ಪರಸ್ಪರ ಗೊತ್ತಿರುವವರಷ್ಟೇ ಇದ್ದರೆ ಅದು ಸಾಕು. ಮುಖ ನೋಡದ ಜನ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಖಾತೆ ತೆರೆಯಲು ಶುರು ಮಾಡಿದ ದಿನ ಸಾಕಾಗಲ್ಲ. ಕ್ರಾನ್ (ಹೊತ್ತಿಗೆ ತಾನಾಗಿ ಓಡುವ ಕೆಲಸ), ಡೇಟಾಬೇಸ್, ಶೆಲ್ (ಕಮಾಂಡ್ ಕೊಡುವ ಪರದೆ), ಎಲ್ಲ ದಾರಿಯಿಂದಲೂ ಅವರು ಒಳಗೆ ಬರುತ್ತಾರೆ. ನಾನು ನೋಡಿದ ಟಿಕೆಟ್‌ಗಳಲ್ಲಿ ಪೂಲ್ ಮಿತಿ ಇದ್ದೂ ಡೇಟಾಬೇಸ್ ಕ್ವೆರಿ ಒಂದರಿಂದಲೇ ಸರ್ವರ್ ಮಲಗಿದ್ದು ಎಷ್ಟೋ.

ಕಪ್ಪುಪರದೆ
ಡೇಟಾಬೇಸ್ ವಿಷಯ ಒಪ್ಪಿದೆ. ಅದನ್ನು ಎಫ್‌ಪಿಎಂ ತಡೆಯಲ್ಲ.

ಹತ್ತುವರ್ಷ_ಹೋಸ್ಟಿಂಗ್
"ಉಚಿತ ಬ್ಯಾಕಪ್" ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅದು ಎಲ್ಲಿ ಹೋಗಿ ಕೂರುತ್ತದೆ ಅಂತ ಕೇಳಿ. ಎಷ್ಟೋ ಕಡೆ ಅದೇ ಯಂತ್ರದ ಇನ್ನೊಂದು ಡಿಸ್ಕ್‌ನಲ್ಲಿ ಇಡುತ್ತಾರೆ. ರೇಡ್ 1 ಕೂಡ ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೈಕೊಟ್ಟರೆ ಇನ್ನೊಂದು ಕಾಯುತ್ತದೆ, ಅಷ್ಟೇ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದೇ ಕ್ಷಣ ಎರಡು ಡಿಸ್ಕ್‌ನಲ್ಲೂ ಅಳಿಯುತ್ತದೆ. ಡಬ್ಲ್ಯೂಎಚ್‌ಎಂನ ಬ್ಯಾಕಪ್ ಸೌಲಭ್ಯ ಎಸ್‌ಎಫ್‌ಟಿಪಿ ಮೂಲಕವೋ ಎಸ್3 ಥರದ ಸಂಗ್ರಹಕ್ಕೋ ಹೊರಗೆ ಕಳಿಸಬಲ್ಲದು. ಅದನ್ನು ಹಾಕಿಕೊಳ್ಳಿ. ಆ ಜಾಗ ಬೇರೆ ಕಂಪನಿಯದ್ದಾಗಿರಲಿ. ತಿಂಗಳಿಗೊಮ್ಮೆ ಒಂದು ಖಾತೆಯನ್ನಾದರೂ ವಾಪಸ್ ಕೂರಿಸಿ ನೋಡಿ.

ಬಿಲ್ಲಿಂಗ್ ಸಾಫ್ಟ್‌ವೇರ್ ಕೂಡ ಆ ಪಟ್ಟಿಯಲ್ಲಿಲ್ಲ. ಡಬ್ಲ್ಯೂಎಚ್‌ಎಂಸಿಎಸ್ ಅಂತ ಹೆಸರು ಕೇಳಿ ಅದು ಡಬ್ಲ್ಯೂಎಚ್‌ಎಂ ಜೊತೆಗೇ ಬರುತ್ತದೆ ಅಂದುಕೊಂಡವರನ್ನು ನೋಡಿದ್ದೇನೆ. ಅದು ಬೇರೆಯದೇ. ಹಣ ಬಂದ ಕೂಡಲೇ ಖಾತೆ ತೆರೆಯುವುದು, ಕಟ್ಟದಿದ್ದರೆ ನಿಲ್ಲಿಸುವುದು ಅದರ ಕೆಲಸ. ಉಚಿತದ್ದೇ ಬೇಕಾದರೆ ಫಾಸ್‌ಬಿಲ್ಲಿಂಗ್ ಇದೆ. ಯಾವುದನ್ನೇ ಹಾಕಿ, ಇದೇ ಸರ್ವರ್‌ನಲ್ಲಿ ಮಾತ್ರ ಬೇಡ. ಸರ್ವರ್ ಬಿದ್ದ ದಿನ ಗ್ರಾಹಕ ದೂರು ಬರೆಯುವ ಪುಟವೂ ಬಿದ್ದಿರುತ್ತದೆ.

ಕಪ್ಪುಪರದೆ
"ಉಚಿತ ಫೈರ್‌ವಾಲ್ ಹಾಕಿಕೊಡುತ್ತೇವೆ" ಅಂದರೆ ಯಾವುದು ಅಂತ ಕೇಳಿ. ಸಿಎಸ್‌ಎಫ್ ಅನ್ನು ವರ್ಷಗಟ್ಟಲೆ ಎಲ್ಲರೂ ಹಾಕುತ್ತಿದ್ದೆವು. ಅದನ್ನು ಬರೆದ ಕಂಪನಿ 2025ರ ಆಗಸ್ಟ್ 31ಕ್ಕೆ ಬಾಗಿಲು ಹಾಕಿತು. ಹೋಗುವಾಗ ಕೋಡ್ ಅನ್ನು ಮುಕ್ತವಾಗಿ ಬಿಟ್ಟುಕೊಟ್ಟರು, ಅದು ದೊಡ್ಡ ಮನಸ್ಸು. ಆದರೆ ಈಗ ಯಾವ ಕೈ ಅದನ್ನು ಮುಂದುವರಿಸುತ್ತಿದೆ ಅಂತ ತಿಳಿದೇ ಹಾಕಬೇಕು.

ಮೊದಲ_ಸರ್ವರ್
ನಿಮ್ಮೆಲ್ಲರ ಪ್ರಶ್ನೆಗಳನ್ನು ಅವರಿಗೆ ಬರೆದು ಕಳಿಸಿದ್ದೆ. ಉತ್ತರ ಬಂತು. ಲೈಸೆನ್ಸ್ ಅವರ ಹೆಸರಲ್ಲೇ. ಬ್ಯಾಕಪ್ ಅದೇ ಯಂತ್ರದ ಮೂರನೇ ಡಿಸ್ಕ್‌ನಲ್ಲಿ. ಮ್ಯಾನೇಜ್ಡ್ ಅಂದರೆ ರೀಬೂಟ್, ಹಾರ್ಡ್‌ವೇರ್ ಬದಲಾವಣೆ, ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್. ಸೈಟ್ ಹ್ಯಾಕ್ ಆದರೆ, ಮೇಲ್ ಹೋಗದಿದ್ದರೆ ಅದು ನನ್ನ ಪಾಲು. ಪಿಟಿಆರ್ ಟಿಕೆಟ್ ಹಾಕಿದರೆ ಮಾಡಿಕೊಡುತ್ತಾರಂತೆ, 25ನೇ ಪೋರ್ಟ್ ತೆರೆದಿದೆ.

ಬರೀ ಆಪರೇಟಿಂಗ್ ಸಿಸ್ಟಮ್ ಇರುವ ಸರ್ವರ್ ಹಿಡಿಯುತ್ತಿದ್ದೇನೆ. ಸಿಪ್ಯಾನೆಲ್ ನನ್ನ ಹೆಸರಲ್ಲಿ ಕೊಳ್ಳುತ್ತೇನೆ. ಮೊದಲು 15 ದಿನದ ಟ್ರಯಲ್ ಹಾಕಿ ನನ್ನದೇ ಎರಡು ಸೈಟು ಸಾಗಿಸಿ ನೋಡುತ್ತೇನೆ. ಉಳಿಯುವ ಹಣ ಹೊರಗಿನ ಬ್ಯಾಕಪ್‌ಗೆ. ಕ್ಲೌಡ್‌ಲಿನಕ್ಸ್ ಸದ್ಯಕ್ಕೆ ಬೇಡ, ಈಗಿರುವವರೆಲ್ಲ ಪರಿಚಯದವರೇ.

ಕಪ್ಪುಪರದೆ
ನನ್ನ ಓಟು ಈಗಲೂ ಡೈರೆಕ್ಟ್‌ಅಡ್ಮಿನ್‌ಗೆ. 100 ದಾಟುವ ಹೊತ್ತಿಗೆ ಈ ಮಾತು ಮತ್ತೆ ಆಡೋಣ.

ಹತ್ತುವರ್ಷ_ಹೋಸ್ಟಿಂಗ್
ಆಡೋಣ ಸರ್. ಅಷ್ಟರಲ್ಲಿ ಇವರಿಗೆ ಎರಡರ ಲೆಕ್ಕವೂ ಸಿಕ್ಕಿರುತ್ತದೆ. ಸೈಟ್ ಸಾಗಿಸುವ ಎರಡು ದಿನ ಮುಂಚೆ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಡಬೇಕು ಅನ್ನುವ ಅವಧಿ) 300 ಸೆಕೆಂಡಿಗೆ ಇಳಿಸಿ. ಹಳೆಯ ಖಾತೆಯನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಿ.

ಅಂಚೆಪೆಟ್ಟಿಗೆ
ಪಿಟಿಆರ್ ಬಂದ ಮೇಲೆ ಹೊಸ ಸರ್ವರ್‌ನಿಂದ ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಅದರ ಹೆಡರ್ ತೆರೆದು ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಅಂತ ಇರಬೇಕು. ಒಂದಾದರೂ ಫೇಲ್ ಅಂತ ಬಂದರೆ ವಿಳಾಸಗಳನ್ನು ಅಳಿಸಿ ಆ ಸಾಲುಗಳನ್ನು ಇಲ್ಲೇ ಹಾಕಿ, ನಾನು ನೋಡಿ ಹೇಳುತ್ತೇನೆ.