ಕೋನ್ ಫಿಲ್ಟರ್ ಹಾಕಿಸಿದರೆ ಮೈಲೇಜ್ ಬರುತ್ತಾ?

ಪ್ರಶ್ನೆ (ಮಂಡ್ಯದಿಂದ):
ನಮಸ್ಕಾರ ಅಣ್ಣ. ನನ್ನದು 2014ರ ಪೆಟ್ರೋಲ್ ಕಾರು, 1.2 ಲೀಟರ್ ಎಂಜಿನ್. ದಿನಾ ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುತ್ತೇನೆ. ಮೊದಲು ಲೀಟರಿಗೆ 18 ಕೊಡುತ್ತಿತ್ತು, ಈಗ 15. ಪಿಕಪ್ಪೂ ಮೊದಲಿನ ಹಾಗಿಲ್ಲ. ಗೆಳೆಯನೊಬ್ಬ ಕಂಪನಿ ಏರ್ ಬಾಕ್ಸ್ (ಗಾಳಿ ಫಿಲ್ಟರ್ ಕೂರುವ ಮುಚ್ಚಿದ ಡಬ್ಬ) ತೆಗೆಸಿ ಕೋನ್ ಫಿಲ್ಟರ್ (ಡಬ್ಬ ಇಲ್ಲದ ಶಂಕುವಿನಾಕಾರದ ಗಾಳಿ ಫಿಲ್ಟರ್) ಹಾಕಿಸಿದ್ದಾನೆ. ಗಾಡಿ ಸಖತ್ತಾಗಿ ಎಳೆಯುತ್ತೆ, ಮೈಲೇಜೂ ಜಾಸ್ತಿ ಆಯ್ತು ಅಂತಾನೆ. ಇನ್ನೊಬ್ಬರು ಗಾಳಿ ಪೈಪಿನೊಳಗೆ ಕೂರಿಸುವ ಚಿಕ್ಕ ಫ್ಯಾನ್ ತಗೋ ಅಂತಾರೆ. ಯಾವುದು ಹಾಕಿಸಲಿ?

ಉತ್ತರ (ಮೆಕ್ಯಾನಿಕ್, ಮೈಸೂರು):
ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಬಾಗಿಲಿದೆ. ಅದೇ ಥ್ರಾಟಲ್. ನೀವು ಒಂದೇ ಸಮ 80ರಲ್ಲಿ ಹೋಗುವಾಗ ಅದು ಸ್ವಲ್ಪವೇ ತೆರೆದಿರುತ್ತೆ. ಬಾಗಿಲ ಆಚೆ, ಎಂಜಿನ್ ಕಡೆ, ಗಾಳಿಯ ಒತ್ತಡ ಹೊರಗಿನದರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರುತ್ತೆ. ಅಷ್ಟು ದೊಡ್ಡ ತಡೆಯನ್ನು ನಿಮ್ಮ ಕಾಲೇ ಹಾಕಿದೆ. ಅದರ ಮುಂದೆ ಫಿಲ್ಟರಿನ ತಡೆ ಏನೇನೂ ಅಲ್ಲ. ಫಿಲ್ಟರ್ ಸಲೀಸು ಮಾಡಿದರೆ ಅದೇ 80ಕ್ಕೆ ನೀವು ಬಾಗಿಲನ್ನು ಒಂದು ಕೂದಲೆಳೆಯಷ್ಟು ಹೆಚ್ಚು ಮುಚ್ಚುತ್ತೀರಿ, ಅಷ್ಟೆ. ಪೆಟ್ರೋಲ್ ಉಳಿಯಲ್ಲ.

ಲೆಕ್ಕ ಬೇಕಾದರೆ ಹಾಕಿ ನೋಡಿ. 1.2 ಲೀಟರ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತೆ. 6000 ಆರ್‌ಪಿಎಂನಲ್ಲಿ ಕಾಲು ಪೂರ್ತಿ ಒತ್ತಿದರೆ ನಿಮಿಷಕ್ಕೆ ಸುಮಾರು 3600 ಲೀಟರ್. ಕಂಪನಿಯವರು ಬಾಕ್ಸ್ ಮಾಡಿರುವುದು ಅಷ್ಟು ಗಾಳಿಗೆ. ನೀವು ಓಡಿಸುವ 2000, 2500ರಲ್ಲಿ ಅದರ ಮೂರರಲ್ಲೊಂದು ಭಾಗವೂ ಬೇಕಾಗಲ್ಲ.

ಇನ್ನೊಂದು ವಿಷಯ. ಪೆಟ್ರೋಲ್ ಪೂರ್ತಿ ಉರಿಯಲು 1 ಕೆಜಿಗೆ 14.7 ಕೆಜಿ ಗಾಳಿ ಬೇಕು. ಹೊಗೆ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆ ಲೆಕ್ಕ ಕಾಯುತ್ತೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಹಾಕುತ್ತೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಫಿಲ್ಟರನ್ನು ಬೇಕಂತಲೇ ಕಟ್ಟಿಸಿ ಅಳೆದರು. ಇಸಿಯು ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕಾರುಗಳಲ್ಲಿ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪಿಕಪ್ ಮಾತ್ರ ಇಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಗಾಡಿಗೆ ಬೇಕಾಗುತ್ತೆ.

ಗೆಳೆಯರ ಗಾಡಿ ಎಳೆಯುತ್ತಿದೆ ಅನಿಸುವುದು ಶಬ್ದದಿಂದ. ಕಂಪನಿ ಬಾಕ್ಸ್ ಗಾಳಿ ಎಳೆಯುವ ಸದ್ದನ್ನು ತಗ್ಗಿಸುತ್ತೆ. ಅದನ್ನು ತೆಗೆದರೆ ಗೊರ್ ಅನ್ನುತ್ತೆ, ಜೋರು ಬಂದ ಹಾಗೆ ಆಗುತ್ತೆ. ಆದರೆ ಬಾನೆಟ್ ಒಳಗಿನ ಕೋನ್ ಎಳೆಯುವುದು ಎಂಜಿನ್ ಬಿಸಿಯನ್ನೇ. ಹೊರಗೆ 35 ಡಿಗ್ರಿ, ಟ್ರಾಫಿಕ್ಕಿನಲ್ಲಿ ಒಳಗೆ 60 ಅಂದುಕೊಳ್ಳಿ. ಗಾಳಿಯ ಸಾಂದ್ರತೆ 7ರಿಂದ 8 ಪರ್ಸೆಂಟ್ ಕಮ್ಮಿ. ಕಾಲು ಪೂರ್ತಿ ಒತ್ತಿದಾಗ ಅಷ್ಟು ಪವರ್ ಹೋಯಿತು. ಕೆಲವು ಕೋನ್ ಫಿಲ್ಟರುಗಳಿಗೆ ಎಣ್ಣೆ ಸವರುತ್ತಾರೆ. ಅದು ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟಿಕೊಂಡು ಲೆಕ್ಕವೇ ತಪ್ಪುತ್ತೆ.

ಪೈಪಿನ ಫ್ಯಾನಿಗೆ ಸುಮ್ನೆ ದುಡ್ಡು ಹಾಕಬೇಡಿ. ಅದು ತಿರುಗಿಸಿದ ಗಾಳಿ ಥ್ರಾಟಲ್ ಬಾಗಿಲಿಗೆ ಬಡಿದು ಚೆದುರಿ ಹೋಗುತ್ತೆ. ಉಳಿಯುವುದು ಒಂದು ಹೊಸ ತಡೆ.

ಈಗ ನನ್ನ ಪ್ರಶ್ನೆ. ಮೈಲೇಜ್ ಯಾವಾಗಿಂದ ಇಳಿಯಿತು? ಏರ್ ಬಾಕ್ಸ್ ಕೊನೆಗೆ ಬಿಚ್ಚಿದ್ದು ಯಾವಾಗ?

ಮತ್ತೊಬ್ಬರು (ಮೈಸೂರು):
ಸರ್, ರೇಸ್ ಗಾಡಿಗೆಲ್ಲ ಹಾಕ್ತಾರಲ್ವಾ?

ಉತ್ತರ:
ಹಾಕ್ತಾರೆ. ಅವರು ಸದಾ ಕಾಲು ಪೂರ್ತಿ ಒತ್ತಿ ಮೇಲಿನ ಆರ್‌ಪಿಎಂನಲ್ಲಿ ಓಡಿಸುತ್ತಾರೆ, ಹೊರಗಿನ ತಣ್ಣನೆ ಗಾಳಿಗೆ ಬೇರೆ ದಾರಿ ಮಾಡುತ್ತಾರೆ, ಇಸಿಯು ಟ್ಯೂನ್ ಮಾಡಿಸುತ್ತಾರೆ. ಆ ಆಸೆಗೆ ಪೈಪನ್ನು ಬಂಪರ್ ಕೆಳಗೆ ಇಳಿಸಿಕೊಂಡವರ ಗಾಡಿ ನೋಡಿದ್ದೇನೆ. ನಿಂತ ನೀರಿಗೆ ಇಳಿದು ಎಂಜಿನ್ ನೀರು ಎಳೆದಿತ್ತು. ನೀರನ್ನು ಅದುಮಲು ಆಗಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿತ್ತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿ ಮೇಲೇ ಕಾರುಗಳು ಮುಳುಗಿದ್ದು ಎಲ್ಲರಿಗೂ ಗೊತ್ತು. ನಮ್ಮ ರಸ್ತೆಯಲ್ಲಿ ಗಾಳಿ ಬಾಯಿ ಮೇಲಿದ್ದಷ್ಟೂ ಒಳ್ಳೆಯದು.

ಮತ್ತೊಬ್ಬರು (ಪಾಂಡವಪುರ):
ಅಣ್ಣಾ, ನಮ್ಮದು ಹಳೇ ಟ್ರ್ಯಾಕ್ಟರ್, ಆಯಿಲ್ ಬಾತ್ ಫಿಲ್ಟರಿನದು (ಬಟ್ಟಲಿನ ಆಯಿಲ್‌ನಲ್ಲಿ ಧೂಳು ಹಿಡಿಯುವಂಥದ್ದು). ಕಬ್ಬಿನ ಲೋಡು ಎಳೆಯುವಾಗ ಕಪ್ಪು ಹೊಗೆ. ಫಿಲ್ಟರ್ ತೆಗೆದು ಓಡಿಸಿದರೆ ಹೊಗೆ ಕಮ್ಮಿ ಆಗುತ್ತೆ. ಹಾಗೇ ಬಿಡಲಾ?

ಉತ್ತರ:
ದಯವಿಟ್ಟು ಬೇಡ. ತೆಗೆದಾಗ ಹೊಗೆ ಕಮ್ಮಿಯಾಯಿತು ಅಂದರೆ ಫಿಲ್ಟರ್ ಕಟ್ಟಿದೆ ಅಂತ ಗಾಡಿಯೇ ಹೇಳುತ್ತಿದೆ. ಕೆಳಗಿನ ಬಟ್ಟಲು ಬಿಚ್ಚಿ. ತಳದಲ್ಲಿ ಕೆಸರು ಕೂತಿರುತ್ತೆ. ತೊಳೆದು ಹೊಸ ಆಯಿಲ್ ಗುರುತಿನವರೆಗೆ ಮಾತ್ರ ಹಾಕಿ. ಜಾಸ್ತಿ ಹಾಕಿದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತೆ. ಮೇಲಿನ ಜಾಲರಿಯನ್ನೂ ಡೀಸೆಲ್‌ನಲ್ಲಿ ತೊಳೆಯಿರಿ, ಚೆನ್ನಾಗಿ ಸೋರಿಸಿ ಆಮೇಲೆ ಕೂರಿಸಿ. ಒಕ್ಕಣೆ ಕಾಲದಲ್ಲಿ ದಿನಾ ಒಂದು ಸಲ ನೋಡಿ. ಫಿಲ್ಟರ್ ಇಲ್ಲದೆ ಹೊಲದ ಧೂಳು ಕುಡಿದರೆ ಪಿಸ್ಟನ್ ರಿಂಗು, ಸಿಲಿಂಡರಿನ ಲೈನರ್ ಒಂದೇ ಹಂಗಾಮಿನಲ್ಲಿ ಸವೆದು ಹೋಗುತ್ತೆ.

ಕೇಳಿದವರು (ಮಂಡ್ಯ):
ಅಣ್ಣ, ಮೈಲೇಜ್ ಇಳಿದಿದ್ದು 2023ರಿಂದ. ಆ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಶುರುವಾಯ್ತಲ್ಲ, ಆಮೇಲೆ ಅದರ ಮೇಲೆಯೇ ಹೋಗೋದು. ಸ್ಪೀಡ್ 100ರ ಹತ್ತಿರ. ಪಿಕಪ್ ಹೋಗಿದ್ದು ಈಚೆಗೆ, ಎರಡು ತಿಂಗಳಾಯ್ತು. ಬಾಕ್ಸ್ ಈಗ ಬಿಚ್ಚಿದೆ. ಫಿಲ್ಟರ್ ಕೆಳಗೆ ಭತ್ತ, ಹರಿದ ಬಟ್ಟೆ, ಹುಲ್ಲು ತುಂಬಿದೆ!

ಉತ್ತರ:
ನಿಮಗಿರುವುದು ಒಂದು ತೊಂದರೆ ಅಲ್ಲ, ಎರಡು. ಮೈಲೇಜ್ ಹೋಗಿದ್ದು ಸ್ಪೀಡಿನಲ್ಲಿ. ಗಾಳಿಯ ಎದುರೊತ್ತು ವೇಗದ ವರ್ಗದಷ್ಟು ಏರುತ್ತೆ. 80ರಿಂದ 100ಕ್ಕೆ ಹೋದರೆ ಸುಮಾರು ಒಂದೂವರೆ ಪಟ್ಟು. ಒಂದು ವಾರ 80ರಲ್ಲಿ ಎಡಗಡೆ ಹೋಗಿ ನೋಡಿ. ಮೊದಲು ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ಹಿಡಿಸಿ. ಅಳೆಯುವುದಾದರೆ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿ, ಡ್ಯಾಶ್‌ಬೋರ್ಡ್ ನಂಬಬೇಡಿ.

ಪಿಕಪ್ ಹೋಗಿದ್ದು ಇಲಿಯಿಂದ. ಬಾಕ್ಸಿನಲ್ಲಿ ಗೂಡು ಕಟ್ಟಿ ಗಾಳಿ ದಾರಿ ಕಟ್ಟಿಸಿದೆ. ಗಾಡಿ ಹುಲ್ಲಿನ ಮೆದೆ ಪಕ್ಕ ನಿಲ್ಲಿಸುತ್ತೀರಾ? ಜಾಗ ಬದಲಿಸಿ. ಬಾಕ್ಸಿನ ಕಸ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಪೇಪರ್ ಫಿಲ್ಟರ್ ತೊಳೆಯಬೇಡಿ, ಹೊಸದು ಹಾಕಿ. ಮುಚ್ಚುವಾಗ ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ, ನಾಲ್ಕೂ ಕ್ಲಿಪ್ ಬಿಗಿ ಇದೆಯಾ ನೋಡಿ. ಒಂದು ಕ್ಲಿಪ್ ಸಡಿಲ ಇದ್ದರೂ ಧೂಳು ಫಿಲ್ಟರ್ ತಪ್ಪಿಸಿ ಒಳಗೆ ಹೋಗುತ್ತೆ.

ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಾಕ್ಸ್ ಸುತ್ತಲಿನ ವೈರುಗಳನ್ನು ಟಾರ್ಚ್ ಹಾಕಿ ನೋಡಿ. ಇಂಜೆಕ್ಟರ್ ವೈರ್ ಕಡಿದಿದ್ದರೆ ಫೋಟೋ ಹಾಕಿ, ಯಾವುದು ಮುಟ್ಟಬೇಕು ಯಾವುದು ಬೇಡ ಅಂತ ಹೇಳ್ತೀನಿ.